ಬ್ಲಾಗಿನ ಬಾಗಿಲಿಗೆ ಹೂವಿನ ಹಲಗೆ

ಮಾರಿಹೊಟ್ ಸಿಲಾಲಾಹಿಯವರು ಸಿಟ್ಟು ಬಂದಾಗ ಮೊದಲು ಕನ್ನಡಕ ತೆಗೆದು ಒರೆಸುತ್ತಾರೆ. ಆ ಶನಿವಾರ ಒರೆಸಿ ಒರೆಸಿ ಅದರ ಒಂದು ಕಾಲೇ ಮುರಿದು ಕೈಗೆ ಬಂತು.

ಮುರಿಯದೆ ಏನು ಮಾಡೀತು? ಸಿಯಾಂತಾರ್ ಊರಿನ ನಮ್ಮ ಚರ್ಚಿನಲ್ಲಿ ಅವರು ಸಿಂತುವಾ, ಎಂದರೆ ಸಭೆಯ ಹಿರಿಯರಲ್ಲೊಬ್ಬರು. ಭಾನುವಾರ ಕಪ್ಪು ಕೋಟು ತೊಟ್ಟು ಮುಂದಿನ ಬೆಂಚಿನಲ್ಲಿ ಕೂರುವವರು. ವಾರದ ಉಳಿದ ದಿನಗಳಲ್ಲಿ ಒಂದು ಮಾಧ್ಯಮಿಕ ಶಾಲೆಯ ಕಂಪ್ಯೂಟರ್ ಆಪರೇಟರ್. ಮಕ್ಕಳ ಹೆಸರು, ಮೇಷ್ಟರ ಹಾಜರಿ, ಸೋರುವ ಸೂರಿನ ಫೋಟೋ ಎಲ್ಲವನ್ನೂ ಗಡುವಿನೊಳಗೆ ರಾಜಧಾನಿ ಜಕಾರ್ತದ ಸರ್ಕಾರಿ ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ಹದಿನೇಳು ವರ್ಷದಿಂದ ಅದೇ ಕೆಲಸ, ಹದಿನೇಳು ವರ್ಷದಿಂದಲೂ ಹಂಗಾಮಿ. ಇವೆರಡರ ನಡುವೆ ಹನ್ನೆರಡು ವರ್ಷದಿಂದ ಅವರು ಒಂದು ಬ್ಲಾಗು ನಡೆಸುತ್ತಿದ್ದಾರೆ. ಮುಷ್ಕರ ಹೂಡಿದ ಪ್ರಿಂಟರನ್ನು ಒಲಿಸಿಕೊಳ್ಳುವುದು ಹೇಗೆ, ಮುದಿ ಲ್ಯಾಪ್‌ಟಾಪಿನ ಪ್ರಾಣವನ್ನು ಇನ್ನೊಂದು ವರ್ಷ ಹಿಡಿದಿಡುವುದು ಹೇಗೆ ಎಂದು ಅದರಲ್ಲಿ ಬರೆಯುತ್ತಾರೆ. ದೇಶದ ಸಾವಿರಾರು ದ್ವೀಪಗಳಲ್ಲಿ ಅವರಂಥ ಹಂಗಾಮಿ ಆಪರೇಟರುಗಳಿದ್ದಾರಲ್ಲ, ಅವರಲ್ಲಿ ದಿನಕ್ಕೆ ನಾಲ್ಕು ಸಾವಿರ ಜನ ಬಂದು ಓದುತ್ತಾರೆ. ಬ್ಲಾಗಿನ ಹೆಸರು 'ಸಿಲಾಲಾಹಿ ವರ್ಕ್‌ಶಾಪ್'. ತಮ್ಮ ಹೆಸರಿಡದೆ ಕುಲದ ಹೆಸರಿಟ್ಟದ್ದು ವಿನಯಕ್ಕೆ ಎಂದು ಅವರು ಹೇಳಿಕೊಳ್ಳುತ್ತಾರೆ. ಸಿಲಾಲಾಹಿ ಕುಲದಲ್ಲಿ ಪ್ರಿಂಟರ್ ಬಿಚ್ಚಬಲ್ಲವರು ಅವರೊಬ್ಬರೇ ಎಂಬುದು ಬೇರೆ ಮಾತು.

ಆ ಶನಿವಾರ ನಡೆದದ್ದು ಇಷ್ಟು. ಭಾನುವಾರದ ಆರಾಧನೆಯ ಪತ್ರಿಕೆ ಅಚ್ಚಾಗುತ್ತಿದ್ದಾಗ ಚರ್ಚಿನ ಪ್ರಿಂಟರು ಎರಡು ಕೆಂಪು ದೀಪ ಮಿಟುಕಿಸಿ ನಿಂತುಬಿಟ್ಟಿತು. ಆಫೀಸಿನ ಲೋಸ್ಪಿತಾ ಅಮ್ಮ ಗಾಬರಿಯಾಗಲಿಲ್ಲ. ನಮ್ಮ ಸಿಂತುವಾ ಬರೆದದ್ದಿದೆಯಲ್ಲ ಎಂದು ಹೆಮ್ಮೆಯಿಂದ ಬ್ಲಾಗು ತೆರೆದರು. ಪಕ್ಕದಲ್ಲಿ ಪಾದ್ರಿಗಳು ನಿಂತಿದ್ದರು, ಹಿಂದೆ ಸ್ವತಃ ಮಾರಿಹೊಟ್ ನಿಂತಿದ್ದರು. ಲೇಖನದ ನೆತ್ತಿಯ ಮೇಲೆ ಗೇಣು ಬಟ್ಟೆ ಉಟ್ಟ ಒಬ್ಬಳು ಹೆಂಗಸು ಕುಣಿಯುತ್ತಿದ್ದಳು. ಮೈಮೇಲೆ ಚಿನ್ನದ ನಾಣ್ಯಗಳು ಗಲಗಲನೆ ಉದುರುತ್ತಿದ್ದವು. 'ಈಗಲೇ ಚಕ್ರ ತಿರುಗಿಸಿ, ನಾಳೆ ಕಾರು ತನ್ನಿ!'

ಲೋಸ್ಪಿತಾ ಅಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಸಿಂತುವಾ, ಪ್ರಿಂಟರ್ ಸರಿ ಹೋಗೋಕೆ ಈ ಅಮ್ಮಣ್ಣಿ ಯಾವ ಬಟನ್ ಒತ್ತು ಅಂತಿದಾಳೆ?"

ಪಾದ್ರಿಗಳು ಮರುದಿನದ ಪ್ರಾರ್ಥನೆಯಲ್ಲಿ "ಜೂಜಿನ ಬಲೆಗೆ ಬಿದ್ದವರನ್ನೂ, ಬಲೆ ಬೀಸುವವರನ್ನೂ" ಎಂದು ಸೇರಿಸಿ, ಮುಂದಿನ ಬೆಂಚಿನ ಕಡೆ ಒಂದು ಕ್ಷಣ ಹೆಚ್ಚೇ ನೋಡಿದರು.

ಮಾರಿಹೊಟ್ ಆ ಹೆಂಗಸನ್ನು ಕರೆದಿರಲಿಲ್ಲ. ಪುಟದಲ್ಲಿ ಇಷ್ಟು ಜಾಗ ನಿಮ್ಮದು ಎಂದು ಜಾಹೀರಾತು ಕಂಪನಿಯೊಂದಕ್ಕೆ ಬಿಟ್ಟುಕೊಟ್ಟಿದ್ದರು, ಅಷ್ಟೇ. ಯಾರನ್ನು ತಂದು ಕುಣಿಸಬೇಕು ಎಂಬುದು ಕಂಪನಿಯ ಚಿತ್ತ. ಅವರು ಧರ್ಮ, ಶಿಕ್ಷಣ, ಸ್ತ್ರೀಯರ ಗೌರವ ಎಂಬ ಮೂರು ಭಾಗ ಮಾಡಿ ನಾಲ್ಕು ಪುಟದ ಖಂಡನಾ ಪತ್ರ ಬರೆದರು. ಒಂದು ನಿಮಿಷದೊಳಗೆ ಉತ್ತರ ಬಂತು: 'ನಿಮ್ಮ ಅನುಭವ ನಮಗೆ ಅಮೂಲ್ಯ.' ನಾಲ್ಕು ಪುಟವನ್ನು ಒಂದು ನಿಮಿಷದಲ್ಲಿ ಯಾವ ಮನುಷ್ಯ ಓದಬಲ್ಲ? ಜೂಜಿನ ಹೆಂಗಸಿಗಿಂತ ಈ ಉತ್ತರವೇ ಅವರನ್ನು ಹೆಚ್ಚು ಉರಿಸಿತು. ಅಂದೇ ಸಂಜೆ ಜಾಹೀರಾತನ್ನೆಲ್ಲ ಬೇರುಸಹಿತ ಕಿತ್ತು ಹಾಕಿದರು.

ಕಿತ್ತ ಮೇಲೆ ನೆನಪಾಯಿತು, ಬ್ಲಾಗಿನ ವಿಳಾಸಕ್ಕೂ ಸರ್ವರ್ ಯಂತ್ರಕ್ಕೂ ಸೇರಿ ವರ್ಷದ ಬಾಡಿಗೆ ಹದಿನೆಂಟು ಲಕ್ಷ ರುಪಿಯಾ (ನಮ್ಮಲ್ಲಿ ಒಂದು ಲಕ್ಷಕ್ಕೆ ಹತ್ತು ತಟ್ಟೆ ಶಾವಿಗೆ ಬರುತ್ತದೆ, ಅಷ್ಟೇ), ಇದೇ ತಿಂಗಳ ಮೂವತ್ತಕ್ಕೆ ಕಟ್ಟಬೇಕು. ಕಟ್ಟುತ್ತಿದ್ದದ್ದು ಅದೇ ಹೆಂಗಸಿನಂಥವರು ದುಡಿದು ಕೊಟ್ಟದ್ದರಿಂದ.

ಹೆಂಡತಿ ದುಮಾರಿಯಾ ಮನೆಯ ಮುಂದೆ ಬೆಳಿಗ್ಗೆ ಹೊತ್ತು ಮೀ ಗೊಮಾಕ್ ಮಾರುತ್ತಾಳೆ. ತೆಂಗಿನ ಹಾಲಿನ ಸಾರಿಗೆ ದಪ್ಪ ಶಾವಿಗೆಯನ್ನು ಕೈಯಲ್ಲೇ ಹಿಡಿದು ಹಾಕುವ ಆಕೆಯ ವರಸೆಗೇ ಗಿರಾಕಿಗಳು ಬರುತ್ತಾರೆ. ಗಂಡನನ್ನು ಮಗಳು ತಿಯೂರಳ ಹೆಸರು ಹಿಡಿದೇ ಕರೆಯುವ ಆಕೆ, ಅವರು ಬಾಯಿ ತೆರೆಯುವ ಮೊದಲೇ ಅಂದಳು, "ತಿಯೂರಳಪ್ಪಾ, ನನ್ನ ಶಾವಿಗೆ ಡಬ್ಬೀ ಕಡೆ ನೋಡ್ಬೇಡಿ. ಹನ್ನೆರಡು ವರ್ಷದಿಂದ ಊರೂರ ಪ್ರಿಂಟರ್ ಸಾಕಿದೀರಿ. ಒಂದಾದ್ರೂ ನಿಮ್ಮನ್ನ ಸಾಕ್ತಾ?"

"ಅದು ಸೇವೆ ಕಣೇ."

"ಸೇವೆ ಆದ್ರೆ ಮುಚ್ಚಿ. ಮನೇಲಿ ಕೂತು ಮಾಡೋ ಸೇವೆ ಬೇಕಾದಷ್ಟಿದೆ. ಬೆಳ್ಳುಳ್ಳಿ ಸುಲೀರಿ."

ಮುಚ್ಚುವುದಾದರೂ ಹೇಗೆ? ತಾರುತುಂಗ್ ಊರಿನ ಹುತಾಬಾರಾತ್ ಮೇಷ್ಟರ ಕಥೆ ಗೊತ್ತಿಲ್ಲದವರುಂಟೆ? ಪಾಪ, ಗಣಿತ ಪಾಠದ ಬ್ಲಾಗು ಇಟ್ಟಿದ್ದರು. ಒಂದು ವರ್ಷ ಬಾಡಿಗೆ ಕಟ್ಟಲು ಮರೆತರು. ವಾರದೊಳಗೆ ಜೂಜಿನವರು ಆ ವಿಳಾಸವನ್ನು ಕೊಂಡುಬಿಟ್ಟರು. ಈಗ ಹುತಾಬಾರಾತ್ ಮೇಷ್ಟರ ಹೆಸರು ಒತ್ತಿದರೆ ಚಕ್ರ ತಿರುಗುತ್ತದೆ. ಮೇಷ್ಟರು ಚರ್ಚಿಗೆ ಹಿಂಬಾಗಿಲಿಂದ ಬರುತ್ತಾರಂತೆ. ಇಲ್ಲಿ ಮೂವತ್ತನೆಯ ತಾರೀಖು ದಾಟಿದರೆ ಮಾರಿಹೊಟ್ ಒಬ್ಬರದಲ್ಲ, ಸಮಸ್ತ ಸಿಲಾಲಾಹಿ ಕುಲದ ಹೆಸರು ಜೂಜುಕಟ್ಟೆಯ ಬಾಗಿಲ ಮೇಲೆ ಬೀಳುತ್ತದೆ. ಕುಲಕೂಟದಲ್ಲಿ ಹಂದಿಯ ತುಂಡು ಹಂಚುವುದು ಅವರವರ ಮಾನಕ್ಕೆ ತಕ್ಕಂತೆ; ಮುಂದಿನ ಸಲ ಅವರ ತಟ್ಟೆಗೆ ಹಂದಿಯ ಯಾವ ಭಾಗ ಬೀಳುತ್ತದೋ, ಬೀಳುತ್ತದೋ ಇಲ್ಲವೋ.

ಮರ್ಯಾದೆಯ ಜಾಹೀರಾತು ಹುಡುಕುತ್ತೇನೆ ಎಂದು ಅವರು ಪಣ ತೊಟ್ಟರು. ಬ್ಲಾಗಿನಲ್ಲಿ ಒಂದು ಸಾಲು ಪ್ರಕಟಣೆ ಹಾಕಿದ್ದೇ ತಡ, ಪತ್ರಗಳು ಬಂದವು. 'ಗೌರವಾನ್ವಿತ ಅಡ್ಮಿನ್' ಎಂದೇ ಎಲ್ಲದರ ಆರಂಭ. ಐದು ನಿಮಿಷದಲ್ಲಿ ಸಾಲ ಕೊಡುವವರು, ಬೋಳುತಲೆಗೆ ಎಣ್ಣೆ ಮಾರುವವರು, 'ನಾವು ಬರೆದ ಲೇಖನ ನಿಮ್ಮ ಹೆಸರಲ್ಲಿ ಹಾಕಿ ಸಾಕು, ಒಂದೂವರೆ ಲಕ್ಷ ತಗೊಳ್ಳಿ' ಎನ್ನುವವರು. ಈ ಕೊನೆಯವರ ಲೇಖನ ಮೇಲ್ನೋಟಕ್ಕೆ ಕೀಬೋರ್ಡ್ ತೊಳೆಯುವ ವಿಧಾನ. ಮೂರನೆಯ ಪ್ಯಾರಾದಲ್ಲಿ ಒಂದು ಪದ ಒತ್ತಿದರೆ ಮತ್ತದೇ ಚಕ್ರ, ಅದೇ ಹೆಂಗಸು. ಬಟ್ಟೆಯ ಬಣ್ಣ ಮಾತ್ರ ಬೇರೆ. ಮಾರಿಹೊಟ್ ಒಬ್ಬೊಬ್ಬರಿಗೂ ನಾಲ್ಕು ಪುಟದ ಉತ್ತರ ಬರೆದರು. ಹೀಗೆ ಹತ್ತು ದಿನ ಕಳೆಯಿತು.

ಹನ್ನೊಂದನೆಯ ದಿನ ನಾಲ್ಕು ಬಣ್ಣದ ಗ್ರಾಫು ಅಚ್ಚು ಹಾಕಿಸಿಕೊಂಡು, ಕಾಲಿಗೆ ತಂತಿ ಸುತ್ತಿದ ಕನ್ನಡಕ ಏರಿಸಿ, ಪೇಟೆಯ ಇಂಕಿನ ಸಾಹುಕಾರ ಮಾನುರುಂಗರ ಅಂಗಡಿಗೆ ಹೋದರು. ದಿನಕ್ಕೆಷ್ಟು ಓದುಗರು, ಎಷ್ಟು ಹೊತ್ತು ನಿಲ್ಲುತ್ತಾರೆ, ಎಷ್ಟು ಜನ ಒತ್ತುತ್ತಾರೆ, ಎಲ್ಲ ವಿವರಿಸಿದರು. ಮಾನುರುಂಗ್ ಕಾಫಿಗೆ ಬ್ರೆಡ್ಡು ಅದ್ದಿ ತಿನ್ನುತ್ತ ಕೇಳಿಸಿಕೊಂಡರು.

"ಕೊಡ್ತೀನಿ ಸಿಂತುವಾ, ಇಡೀ ವರ್ಷದ್ದೂ ಒಟ್ಟಿಗೆ ಕೊಡ್ತೀನಿ. ಒಂದೇ ಒಂದು ಮಾತು ಬರೀರಿ, ಮಾನುರುಂಗ್ ಇಂಕಿನಷ್ಟು ಒಳ್ಳೇ ಇಂಕು ಇನ್ನೊಂದಿಲ್ಲ ಅಂತ."

"ನಿಮ್ಮ ಇಂಕು ಎರಡು ವಾರಕ್ಕೆ ಪ್ರಿಂಟರಿನ ಗಂಟಲಲ್ಲಿ ಒಣಗಿ ಕಲ್ಲಾಗತ್ತೆ. ಪರೀಕ್ಷೆ ಮಾಡಿ, ಫೋಟೋ ಹಾಕಿ ಬರೆದಿದೀನಿ."

"ಗೊತ್ತು. ಅದಕ್ಕೇ ಕೊಡ್ತೀನಿ ಅಂದಿದ್ದು. ಅದನ್ನ ತೆಗೀರಿ, ಇದನ್ನ ಹಾಕಿ."

"ಸಾಹುಕಾರ್ರೇ, ನಾನು ಸಿಂತುವಾ!"

"ಅದಕ್ಕೇ ಸ್ವಾಮಿ ಜನ ನಂಬೋದು! ಸುಳ್ಳುಗಾರ ಬರೆದ್ರೆ ನನಗೇನು ಉಪಯೋಗ?"

ಮಾರಿಹೊಟ್ ಗ್ರಾಫುಗಳನ್ನು ಸುರುಳಿ ಸುತ್ತಿಕೊಂಡು ಹೊರಬಿದ್ದರು. ನಿಜ ಹೇಳಿದರೆ ಕಾಸಿಲ್ಲ, ಸುಳ್ಳು ಹೇಳಿದರೆ ವರ್ಷದ ಬಾಡಿಗೆ ಮುಂಗಡ. ಇದು ಯಾವ ಸೀಮೆಯ ನ್ಯಾಯ! ದಾರಿಯುದ್ದಕ್ಕೂ ತಮಗೆ ತಾವೇ ಭಾಷಣ ಮಾಡಿಕೊಂಡು ಹೋಗುತ್ತಿದ್ದವರನ್ನು ನೋಡಿ ಬೆಚಾ ಎಂಬ ಮೂರು ಚಕ್ರದ ಬಾಡಿಗೆ ಗಾಡಿಯವನೊಬ್ಬ, "ಬನ್ನಿ ಸಿಂತುವಾ, ಕೂತ್ಕೊಂಡು ಬೈಯ್ಕೊಳ್ಳಿ" ಎಂದು ಕರೆದ.

ಮನೆಯಲ್ಲಿ ಇನ್ನೊಂದು ಸುದ್ದಿ ಕಾದಿತ್ತು. ದುಮಾರಿಯಾಳ ತಮ್ಮ ಸಾಹತ್ ಸಿನಾಗಾ ಹೇಳಿಕಳಿಸಿದ್ದ. ಸಾಹತ್ ಇವರಿಗಿಂತ ಹತ್ತು ವರ್ಷ ಚಿಕ್ಕವನು. ಆದರೇನು, ಹೆಣ್ಣು ಕೊಟ್ಟ ಮನೆಯವನು. ನಮ್ಮ ಬಾತಕ್ ಜನರಲ್ಲಿ ಹೆಣ್ಣು ಕೊಟ್ಟವರು ದೇವರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಪರಸ್ಪರ 'ಭಾವ' ಎಂದೇ ಕರೆದುಕೊಂಡರೂ, ಅವನು ಕರೆದರೆ ಹೋಗಬೇಕು, ಬೈದರೆ ಕೇಳಬೇಕು, ಎದುರು ಮಾತಾಡಬಾರದು. ಇಡೀ ಊರಿಗೆ ಉಪದೇಶ ಮಾಡುವ ಮಾರಿಹೊಟ್ ಬಾಯಿ ಮುಚ್ಚಿ ಕೂರುವ ಜಾಗ ಅದೊಂದೇ.

ಸಾಹತ್‌ನದು ಹೂವಿನ ಹಲಗೆಯ ಕಾರ್ಖಾನೆ. ಮದುವೆ, ಸಾವು, ಅಂಗಡಿಯ ಆರಂಭ, ಅಧಿಕಾರಿಯ ಬಡ್ತಿ, ಏನೇ ಇರಲಿ, ಸಿಯಾಂತಾರಿನಲ್ಲಿ ಆಳೆತ್ತರದ ಹಲಗೆ ನಿಲ್ಲದೆ ಅದು ನಡೆದಂತಲ್ಲ. ಸುತ್ತ ಹೂವು, ನಡುವೆ ಥರ್ಮೋಕೋಲಿನ ಅಕ್ಷರ. ಸತ್ತವನ ಹೆಸರು ಗೇಣುದ್ದ, ಕಳಿಸಿದವನ ಹೆಸರು ಮೊಳದುದ್ದ.

ಅಕ್ಷರಕ್ಕೆ ಗೋಂದು ಬಳಿಯುತ್ತಲೇ ಸಾಹತ್ ಶುರು ಮಾಡಿದ. "ಭಾವ, ನಾವು ನಮ್ಮಕ್ಕನ್ನ ಕೊಟ್ಟಿದ್ದು ಸಿಂತುವಾಗೆ. ಜೂಜಿನ ಏಜೆಂಟಿಗಲ್ಲ."

"ಅದು ನಾನು ಹಾಕಿದ್ದಲ್ಲ ಭಾವ..."

"ನಿಮ್ಮನೆ ಗೋಡೆ ಮೇಲೆ ಯಾರೋ ಚಿತ್ರ ಅಂಟಿಸಿ ಹೋದ್ರೆ, ಗೋಡೆ ಯಾರ್ದು?"

ಮಾರಿಹೊಟ್ ತಲೆ ತಗ್ಗಿಸಿದರು. ಮಾನುರುಂಗರ ಕಥೆಯನ್ನೂ ಹೇಳಿದರು. ಗ್ರಾಫಿನ ಮಾತು ಬಂದಾಗ ಸಾಹತ್ ಗೋಂದಿನ ಕುಂಚ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ.

"ಮಾನುರುಂಗ್‌ಗೆ ಗ್ರಾಫ್ ತೋರಿಸಿದ್ರಾ! ಅಯ್ಯೋ ನನ್ನ ಭಾವ! ಇಪ್ಪತ್ತು ವರ್ಷದಿಂದ ಹಲಗೆ ಮಾಡ್ತಿದೀನಿ. ಎಷ್ಟು ಜನ ಓದ್ತಾರೆ ಅಂತ ಒಬ್ಬ ಗಿರಾಕೀನೂ ಕೇಳಿಲ್ಲ. ನನ್ನ ಹಲಗೆ ಪಕ್ಕ ಯಾರ್ದು ನಿಲ್ಲತ್ತೆ, ಅವನ ಹೆಸರು ನನ್ನದಕ್ಕಿಂತ ದೊಡ್ಡದಾ, ಅಂತ ಕೇಳ್ತಾರೆ. ಅಷ್ಟೇ."

"ಇದು ಅಹಂಕಾರ ಭಾವ! ಶುದ್ಧ ಅಹಂಕಾರ!"

"ಹೌದು. ನನ್ನ ಮೂರು ಮಕ್ಕಳೂ ಅದರ ದುಡ್ಡಲ್ಲೇ ಓದ್ತಿರೋದು."

ಕೆರಳಿ ಏನೋ ಹೇಳಲು ಬಾಯಿ ತೆರೆದ ಮಾರಿಹೊಟ್, ಎದುರು ಮಾತಾಡುವಂತಿಲ್ಲ ಎಂದು ನೆನಪಾಗಿ ಗೋಡೆಯ ಕಡೆ ನೋಡಿದರು. ಅಲ್ಲಿ ಒಂದು ಹಲಗೆ ಒಣಗಲು ನಿಂತಿತ್ತು. ಯಾರದೋ ಮದುವೆಗೆ: 'ನವದಂಪತಿಗೆ ಶುಭವಾಗಲಿ — ಮಾನುರುಂಗ್ ಇಂಕ್.' ಎರಡು ಸಲ ಓದಿದರು. ಇಂಕು ಒಳ್ಳೆಯದು ಎಂದು ಅದರಲ್ಲಿರಲಿಲ್ಲ. ಅಗ್ಗ ಎಂದಿರಲಿಲ್ಲ. ಇಂದೇ ಕೊಳ್ಳಿ ಎಂದೂ ಇರಲಿಲ್ಲ. ಬೇರೆ ಹಲಗೆಗಳನ್ನೂ ನೋಡಿದರು. ಯಾವುದರ ಮೇಲೂ ಒಂದು ಸುಳ್ಳಿಲ್ಲ. ಸುಳ್ಳಿಗೆ ಜಾಗವೇ ಇರಲಿಲ್ಲ, ಹೆಸರೇ ತುಂಬಿಕೊಂಡಿತ್ತು.

"ಭಾವ," ಎಂದರು ನಿಧಾನಕ್ಕೆ, "ಬ್ಲಾಗಿಗೆ ಈ ತಿಂಗಳು ಹನ್ನೆರಡು ವರ್ಷ ತುಂಬತ್ತೆ."

ಸಾಹತ್ ಕುಂಚ ಎತ್ತಿಕೊಂಡ. "ಮೊದಲ ಹಲಗೆ ನಂದು. ಬಿಟ್ಟಿ. ಹೆಸರು ಎಷ್ಟು ದೊಡ್ಡದಿರಬೇಕು ಅಂತ ನೀವು ಹೇಳೋ ಹಾಗಿಲ್ಲ."

ಎರಡು ದಿನದಲ್ಲಿ ಬ್ಲಾಗಿನ ನೆತ್ತಿಯ ಮೇಲೆ ಹೂವಿನ ಹಲಗೆಯ ಚಿತ್ರ ಏರಿತು. 'ಹನ್ನೆರಡು ವರ್ಷದ ಸೇವೆಗೆ ಅಭಿನಂದನೆ' ಎಂಬುದು ಗೇಣಿನಷ್ಟು, ಸಾಹತ್ ಸಿನಾಗಾ ಎಂಬುದು ಮೊಳದಷ್ಟು. ಸಿಂತುವಾ ಎಂಬ ಪದವನ್ನು ಸಾಹತ್ ಮರೆತಿದ್ದ. ಹೆಣ್ಣು ಕೊಟ್ಟವನನ್ನು ಕೇಳುವುದು ಹೇಗೆ? ಅದೊಂದು ನೋವು ಒಳಗೇ ಉಳಿಯಿತು. ಕೆಳಗೆ ಮಾರಿಹೊಟ್ ಷರತ್ತು ಬರೆದರು: ಹಲಗೆಗೆ ಮೂರು ಲಕ್ಷ, ಒಂದು ತಿಂಗಳು ನಿಲ್ಲುತ್ತದೆ. ಹೆಸರು ಎಷ್ಟು ದೊಡ್ಡದಾದರೂ ಇರಲಿ. ಹೊಗಳಿಕೆಗೆ ಮಾತ್ರ ಅವಕಾಶವಿಲ್ಲ.

ಶಾಲೆಯ ಎದುರಿನ ಜೆರಾಕ್ಸಿನವನು ಮೊದಲು ಬಂದ. ಅವನ ಹೆಸರು ನೋಡಿ ಅವನ ಎದುರಾಳಿ ಬಂದ. ಮೊಬೈಲ್ ರಿಪೇರಿಯವನು ತನ್ನ ಹೆಸರಿನ ಜೊತೆ ಹೆಂಡತಿಯದೂ ಇರಲಿ, ಇಲ್ಲದಿದ್ದರೆ ಮನೆಗೆ ಹೋಗುವಂತಿಲ್ಲ ಎಂದ. ಟೈಪಿಂಗ್ ಶಾಲೆಯ ಯಜಮಾನಿ ಬಂದರು, ಪಾಠಪುಸ್ತಕದ ಅಂಗಡಿಯವರು ಬಂದರು. ಐದಾಯಿತು. ಬಾಡಿಗೆ ತುಂಬಲು ಬೇಕಿದ್ದ ಆರನೆಯದು ಇಲ್ಲ. ಇಪ್ಪತ್ತೊಂಬತ್ತನೆಯ ತಾರೀಖು ಬಂದರೂ ಇಲ್ಲ.

ಅವತ್ತು ಮಧ್ಯಾಹ್ನ ಶಾಲೆಯ ಅಂಗಳಕ್ಕೆ ಒಂದು ಮೋಟರ್‌ಸೈಕಲ್ ನುಗ್ಗಿತು. ಮೇಲೆ ಮಾನುರುಂಗ್, ಬೆವರಿನ ಮುದ್ದೆ.

"ಸಿಂತುವಾ! ಇದೇನು ಅನ್ಯಾಯ? ಆ ಜೆರಾಕ್ಸಿನ ಹುಡುಗನದು ಇದೆ, ಆ ಮೊಬೈಲಿನವನ ಹೆಂಡ್ತೀದು ಕೂಡ ಇದೆ! ಇಪ್ಪತ್ತೈದು ವರ್ಷದಿಂದ ಪೇಟೇಲಿರೋ ನನ್ನದಿಲ್ಲ? ಊರೆಲ್ಲ ಕೇಳ್ತಿದೆ, ಮಾನುರುಂಗ್ ದಿವಾಳಿ ಎದ್ದನಾ ಅಂತ!"

"ಲೇಖನದ ಒಂದಕ್ಷರ ಬದಲಾಯಿಸಲ್ಲ ಸಾಹುಕಾರ್ರೇ."

"ಬೇಡ."

"ನಿಮ್ಮ ಇಂಕು ಒಣಗಿ ಕಲ್ಲಾಗತ್ತೆ ಅಂತ ಹಾಗೇ ಇರತ್ತೆ. ಅದೇ ಪುಟದ ಮೇಲೇ ನಿಮ್ಮ ಹಲಗೆ."

"ಇರ್ಲಿ ಬಿಡಿ ಸ್ವಾಮಿ! ಲೇಖನ ಯಾರು ಓದ್ತಾರೆ? ನನ್ನ ಹೆಸರು ಆ ಜೆರಾಕ್ಸಿನವನದಕ್ಕಿಂತ ಒಂದು ಗೇಣು ದೊಡ್ಡದಿರತ್ತಾ, ಅದು ಹೇಳಿ."

ಮಾರಿಹೊಟ್ ಕನ್ನಡಕ ತೆಗೆದು ಒರೆಸತೊಡಗಿದರು. ಹನ್ನೆರಡು ವರ್ಷ! ಎಂಟು ನೂರು ಲೇಖನ! ಯಾರು ಓದುತ್ತಾರಂತೆ! ಆದರೆ ಮಾನುರುಂಗರ ಕೈಯಲ್ಲಿ ನೋಟಿನ ಕಂತೆಯಿತ್ತು, ಕಂತೆಯಲ್ಲಿ ಇಡೀ ಸಿಲಾಲಾಹಿ ಕುಲದ ಮಾನವಿತ್ತು. ಮಾರಿಹೊಟ್ ಸಿಟ್ಟು ನುಂಗಿಕೊಂಡರು. ಸಂಜೆಯೊಳಗೆ ಬಾಡಿಗೆ ಕಟ್ಟಿ, ರಸೀದಿಯನ್ನು ಅಚ್ಚು ಹಾಕಿ ಶಾವಿಗೆ ಡಬ್ಬಿಯ ಪಕ್ಕದಲ್ಲಿ ಇಟ್ಟರು. ದುಮಾರಿಯಾ ಅದನ್ನು ನೋಡಿದಳು, ಗಂಡನನ್ನು ನೋಡಿದಳು. "ನನ್ನ ಶಾವಿಗೆ ಅಂಗಡಿ ಹೆಸರೂ ಒಂದು ಹಾಕ್ಬಹುದಿತ್ತು. ಕಟ್ಕೊಂಡ ಹೆಂಡ್ತಿ ಯಾರ ಕಣ್ಣಿಗೆ ಕಾಣ್ತಾಳೆ?" ಎಂದು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ, ಶಾವಿಗೆಯ ಗಿರಾಕಿಗಳ ಗದ್ದಲದಲ್ಲಿ ಬ್ಲಾಗು ತೆರೆದರೆ ಯಾವುದೋ ದೂರದ ದ್ವೀಪದ ಆಪರೇಟರೊಬ್ಬ ಬರೆದಿದ್ದ: 'ಸಾರ್, ನೀವು ಹೇಳಿದ ಹಾಗೇ ಮಾಡಿದೆ, ಪ್ರಿಂಟರ್ ಸರಿಹೋಯ್ತು. ಗಡುವಿಗೆ ಒಂದು ಗಂಟೆ ಇತ್ತು. ದೇವರು ಒಳ್ಳೇದು ಮಾಡ್ಲಿ. ಅಂದ ಹಾಗೆ, ಪುಟದ ಮೇಲೆ ಹೂವು ನೋಡಿದೆ. ಮಾನುರುಂಗ್ ಅವರ ಮದುವೆಯಾ? ನನ್ನ ಶುಭಾಶಯ ತಿಳಿಸಿ.'

ಮಾರಿಹೊಟ್ ಬೆಳ್ಳುಳ್ಳಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಉತ್ತರ ಬರೆಯಲು ಕೂತರು. ಎರಡನೆಯ ಪುಟ ಮುಗಿದರೂ ಇನ್ನೂ ಮಾನುರುಂಗರ ಇಂಕಿನ ಹತ್ತಿರ ಬಂದಿರಲಿಲ್ಲ.