ಉಲ್ಟಾ ಪಿರಿ

ಪಾಣೆಮಂಗಳೂರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯರ ಕೈಗೆ ಇದ್ದ ಒಳ್ಳೆಯ ಹೆಸರನ್ನು ನಾನು ಕೆಡಿಸಿದ್ದೇನೆ. ಅದಕ್ಕೆ ಬೇಕಾದದ್ದು ಒಂದೇ ಒಂದು ಮಾತು. ಇಷ್ಟು ವರ್ಷ ಅದನ್ನು ಬೇರೆ ಬೇರೆ ರೀತಿಯಲ್ಲಿ ನನಗೆ ನಾನೇ ಹೇಳಿಕೊಂಡು, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ತಪ್ಪಿಸಿಕೊಂಡಿದ್ದೇನೆ. ಇಲ್ಲಿ ಹಾಗೆ ಮಾಡಬಾರದು ಎಂದು ಕುಳಿತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬಂಟ್ವಾಳ ಪೇಟೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಮೂಡುಬಿದಿರೆ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಬಾಗಿದ ಹ್ಯಾಂಡಲಿನ, ಬೆರಳು ದಪ್ಪದ ಟೈರಿನ ರೇಸ್ ಸೈಕಲಿನ ಚಿತ್ರ ನೋಡಿದಂದಿನಿಂದ ತಲೆಗೆ ಹುಳ ಹೊಕ್ಕಿತ್ತು. ಅಂಗಡಿಯಲ್ಲಿ ಕೊಳ್ಳುವ ಮಾತೇ ಇಲ್ಲ, ಅದರ ಬೆಲೆಗೆ ನನ್ನ ಸಂಬಳ ಸಾಲದು. "ಬೇರೆ ಮಾಸ್ಟ್ರುಗಳೆಲ್ಲ ಸ್ಕೂಟರ್ ತೆಗೀತಾರೆ, ನಿಮ್ಮದು ಮಾತ್ರ ಹಿಂದಕ್ಕೆ" ಎಂದು ಹೆಂಡತಿ ಮೂಗು ಮುರಿದಳು. ನಾನು ಹಟಮಾರಿ. ಬೇಡ ಎಂದಷ್ಟೂ ಬೇಕು.

ಆಗ ಸಿಕ್ಕಿದವರು ಕಾಕ. ಊರಿಗೆಲ್ಲ ಅವರು ಕಾಕನೇ. ಹಳೆಯ ಸೇತುವೆಗೆ ಹತ್ತಿರ ಒಂದೇ ಕೋಣೆಯ ಅಂಗಡಿ. ಮನೆಯಲ್ಲಿ ಬ್ಯಾರಿ ಭಾಷೆ, ಗಿರಾಕಿಗಳ ಜೊತೆ ತುಳು. ನನ್ನ ಜೊತೆ ಮಾತ್ರ, ಮಾಸ್ಟ್ರು ಎಂಬ ಮರ್ಯಾದೆಗೆ, ನಿಧಾನವಾಗಿ ಜೋಡಿಸಿದ ಕನ್ನಡ. ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲ ಎಂದು ಹೇಳುತ್ತಿದ್ದರು. ಬೆಳ್ತಂಗಡಿಯಿಂದಲೂ ಜನ ಬಸ್ಸಿನ ಮೇಲೆ ಚಕ್ರ ಹಾಕಿಕೊಂಡು ಅವರಲ್ಲಿಗೆ ಬರುತ್ತಿದ್ದರು. "ಕಾಕನ ಕೈ ಮುಟ್ಟಿದರೆ ಆಯಿತು" ಎನ್ನುವುದು ಆ ಕಡೆಯ ಮಾತಾಗಿತ್ತು. ಅದನ್ನು ಕೇಳಿದಾಗ ಅವರು ತಲೆ ತಗ್ಗಿಸಿ ಕೆಲಸ ಮುಂದುವರಿಸುತ್ತಿದ್ದರು, ಆದರೆ ಕಿವಿ ಕೆಂಪಾಗುತ್ತಿತ್ತು. ಅವರಿಗೆ ಬೇರೆ ಆಸ್ತಿ ಇರಲಿಲ್ಲ.

ಅವರ ತಮ್ಮ ಗಲ್ಫಿನಲ್ಲಿ, ದೊಡ್ಡವರ ಮನೆಗಳಿದ್ದ ಒಂದು ಬಡಾವಣೆಯಲ್ಲಿ ಕೆಲಸಕ್ಕಿದ್ದ. ನಾನು ತೋರಿಸಿದ ಪತ್ರಿಕೆಯ ಚಿತ್ರ ನೋಡಿ ಕಾಕ, "ಇಂಥದ್ದನ್ನು ಅಲ್ಲಿ ಕಸಕ್ಕೆ ಹಾಕ್ತಾರಂತೆ ಮಾಸ್ಟ್ರೇ. ತಮ್ಮ ಬರುವಾಗ ಒಂದು ತರ್ಲಿಕ್ಕೆ ಹೇಳ್ತೇನೆ" ಎಂದರು. ಮರುವರ್ಷ ಕಂಬಳಿಯಲ್ಲಿ ಸುತ್ತಿ, ನೈಲಾನ್ ಹಗ್ಗದಲ್ಲಿ ಬಿಗಿದ ಕಟ್ಟೊಂದು ಮುಂಬೈ ಬಸ್ಸಿನಿಂದ ಇಳಿಯಿತು. ಒಳಗೆ ಬರೀ ಫ್ರೇಮು ಮತ್ತು ಬಾಗಿದ ಹ್ಯಾಂಡಲು. ಒಂದು ಕೈಯಲ್ಲಿ ಎತ್ತಿದ ಕಾಕ ಇನ್ನೊಂದು ಕೈಯನ್ನೂ ಕೊಟ್ಟರು, ಭಾರಕ್ಕಲ್ಲ, ಗಾಬರಿಗೆ. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ತಂದು ಹಿಡಿದರು. ಅಂಟಲಿಲ್ಲ.

"ಅಲ್ಮಿನಿ!" ಎಂದರು. "ಇದರಲ್ಲಿ ಗಂಜಿ ಬೇಯಿಸಬಹುದು ಮಾರಾಯ್ರೇ, ಮೇಲೆ ಕೂತುಕೊಳ್ಳಲಿಕ್ಕೆ ಆಗ್ತದಾ?"

ಆಯಿತು. ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಮಂಗಳೂರಿನ ಅಂಗಡಿಯೊಂದರ ಅಟ್ಟದಲ್ಲಿ ಯಾರೂ ಕೇಳದೆ ಬಿದ್ದಿದ್ದ ರಿಮ್ಮುಗಳು ಸಿಕ್ಕವು. ಬ್ರೇಕಿನ ರಬ್ಬರನ್ನು ಕಾಕ ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದರು. ಹ್ಯಾಂಡಲಿಗೆ ಕ್ರಿಕೆಟ್ ಬ್ಯಾಟಿನ ಗ್ರಿಪ್ಪನ್ನು ಉದ್ದಕ್ಕೆ ಸೀಳಿ ಸುತ್ತಿದೆವು. ಯಾವ ತುಂಡೂ ಇನ್ನೊಂದಕ್ಕೆ ಹುಟ್ಟಿದ್ದಲ್ಲ. ಎಲ್ಲವನ್ನೂ ಅವರು ಪುಸಲಾಯಿಸಿ ಒಟ್ಟಿಗೆ ಕೂರಿಸಿದರು. ಮೊದಲ ಭಾನುವಾರ ನಾನು ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋಗಿ ಬಂದೆ. ಏರು ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ ಬಾಗಿಲಿನಿಂದ ಹೊರಗೆ ನೇತುಕೊಂಡು ನೋಡಿದ. ನನಗೆ ಆಕಾಶ ಮೂರೇ ಗೇಣು.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಈ ಹುಚ್ಚಿನ ಗುಣವೇ ಹಾಗೆ, ಒಂದು ಭಾಗ ಒಳ್ಳೆಯದಾದರೆ ಉಳಿದದ್ದೆಲ್ಲ ಹಳತಾಗಿ ಕಾಣಿಸುತ್ತದೆ. ಮುಂಬೈಯಲ್ಲಿದ್ದ ಭಾವನಿಗೆ ಕಾಗದದ ಮೇಲೆ ಕಾಗದ ಬರೆದು, ಎರಡು ಪೆಡಲುಗಳ ನಡುವಿನ ಎಕ್ಸೆಲ್ ಮತ್ತು ಅದನ್ನು ಎರಡು ಬದಿಯಿಂದ ಹಿಡಿದಿಡಲು ಫ್ರೇಮಿಗೆ ತಿರುಗಿಸಿ ಕೂರಿಸುವ ಎರಡು ಉಕ್ಕಿನ ಬಟ್ಟಲುಗಳನ್ನು, ಅಂದರೆ ಕಪ್ಪುಗಳನ್ನು, ಹೊಸದಾಗಿ ತರಿಸಿದೆ. ಗುರುವಾರ ಸಂಜೆ ಕಾಕ ಅದನ್ನು ಕೂರಿಸಿಕೊಟ್ಟರು. ಸ್ಕ್ರೂವಿನ ಸುತ್ತುಗೆರೆಗೆ ಅವರು ಪಿರಿ ಎನ್ನುತ್ತಿದ್ದರು.

"ನಾಳೆ ಓಡಿಸಿ ನೋಡಿ. ಶನಿವಾರ ತನ್ನಿ, ಇನ್ನೊಮ್ಮೆ ಬಿಗಿದು ಕೊಡ್ತೇನೆ. ನೀವು ಮಾತ್ರ ಕೈ ಹಾಕಬೇಡಿ, ಬಲಗಡೆಯದ್ದು ಉಲ್ಟಾ ಪಿರಿ ಉಂಟು" ಎಂದರು. ಅಂದರೆ ಬಲಗಡೆಯ ಕಪ್ಪನ್ನು ಬಿಗಿಯಬೇಕಾದರೆ ಎಲ್ಲರೂ ಸಡಿಲಿಸುವ ದಿಕ್ಕಿಗೆ ತಿರುಗಿಸಬೇಕು.

ಶುಕ್ರವಾರ ಶಾಲೆಗೆ ಏನೋ ರಜೆ. ಬೆಳಿಗ್ಗೆ ಒಂದು ಸುತ್ತು ಹೋದಾಗ ಪೆಡಲಿನ ಬುಡದಲ್ಲಿ ಕಟ್, ಕಟ್ ಎಂದು ಸಣ್ಣ ಸದ್ದು. ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಗೆ ಬಂದರೆ ಬಾಗಿಲು ಹಾಕಿದೆ, ಕಾಕ ಜುಮಾ ನಮಾಜಿಗೆ ಹೋಗಿದ್ದಾರೆ, ತೆರೆಯುವುದು ಮೂರಕ್ಕೆ. ನನಗೆ ಎರಡು ಗಂಟೆ ಕಾಯುವ ತಾಳ್ಮೆ ಇರಲಿಲ್ಲ. ಮನೆಗೆ ಬಂದು, ಅಂಗಳದಲ್ಲಿ ಸೈಕಲನ್ನು ತಲೆಕೆಳಗೆ ಮಾಡಿ ನಿಲ್ಲಿಸಿ, ಹಿಂದಿನ ಚಕ್ರ, ಚೈನು, ಪೆಡಲು ಎಲ್ಲ ಕಳಚಿದೆ. ನಲ್ಲಿ ರಿಪೇರಿಗೆ ತಂದಿಟ್ಟ ದೊಡ್ಡ ಪಾನಾದಿಂದ ಎರಡೂ ಕಪ್ಪು ಬಿಚ್ಚಿದೆ. ಒರೆಸಿ, ಗ್ರೀಸು ಹಚ್ಚಿ ಮತ್ತೆ ಹಾಕುವುದು, ಅದರಲ್ಲೇನು ಮಹಾ?

ಸೈಕಲ್ ತಲೆಕೆಳಗಾದರೆ ಅದರ ಬಲಗಡೆ ನನ್ನ ಎಡಗಡೆಗೆ ಬರುತ್ತದೆ. ಮಕ್ಕಳಿಗೆ ರೇಖಾಗಣಿತ ಕಲಿಸುವವನಿಗೆ ಇದು ಹೊಳೆಯಲಿಲ್ಲ. ಚಕ್ರವೋ ಚೈನೋ ಜಾಗದಲ್ಲಿದ್ದಿದ್ದರೆ ಯಾವುದು ಬಲಗಡೆ ಎಂದು ಕಣ್ಣಿಗೆ ಕಾಣುತ್ತಿತ್ತು. ಅವೆರಡೂ ಜಗಲಿಯ ಮೇಲಿದ್ದವು. ಉಲ್ಟಾ ಪಿರಿಯ ಕಪ್ಪನ್ನು ನನ್ನ ಬಲಗೈ ಕಡೆಯ ತೂತಿಗೆ ಇಟ್ಟು ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಹಿಡಿಯಲಿಲ್ಲ. ಸಿಟ್ಟು ಬಂತು. ಪಾನಾದ ಹಿಡಿಗೆ ಕಬ್ಬಿಣದ ಪೈಪು ತೊಡಿಸಿ ಮೈಯ ಭಾರವನ್ನೆಲ್ಲ ಹಾಕಿದಾಗ, ಹಿಡಿಯಿತು. ಇನ್ನೊಂದನ್ನೂ ಹಾಗೆಯೇ ನೂಕಿದೆ. ಆಮೇಲೆ ನೆಲ ನೋಡಿದರೆ ತೆಂಗಿನ ತುರಿಯ ಹಾಗೆ ಬೆಳ್ಳಗೆ ಅಲ್ಯೂಮಿನಿಯಮ್ ಉದುರಿತ್ತು. ಉಕ್ಕಿನ ಕಪ್ಪುಗಳು ಫ್ರೇಮಿನ ಪಿರಿಯನ್ನೆಲ್ಲ ಕೆರೆದು ತೆಗೆದಿದ್ದವು.

ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತೇ ಸಾಕಾಯಿತು. ಅಲ್ಲಿಯವರೆಗಿನದ್ದು ದಡ್ಡತನ, ಅದಕ್ಕೆ ನನಗೆ ನಾಚಿಕೆ ಮಾತ್ರ. ಅಲ್ಲಿಂದ ಮುಂದಿನದ್ದು ಬೇರೆ. ನಾನು ಕಪ್ಪುಗಳನ್ನು ಹೊರತೆಗೆದು, ಬಟ್ಟೆಯಿಂದ ಒಳಗಿನ ಚೂರುಗಳನ್ನೆಲ್ಲ ಒರೆಸಿ, ಅವುಗಳನ್ನು ಸರಿಯಾದ ಬದಿಗೇ ಇಟ್ಟು, ಗ್ರೀಸನ್ನು ದಪ್ಪಗೆ ಮೆತ್ತಿ, ಹೇಗೋ ನಿಲ್ಲುವಷ್ಟು ತಿರುಗಿಸಿದೆ. ಅಂಗಳ ಗುಡಿಸಿದೆ. ನಮ್ಮ ಮನೆಯ ಅಂಗಳವನ್ನು ನಾನು ಗುಡಿಸಿದ್ದು ಅದೊಂದೇ ಸಲ.

ಶನಿವಾರ ಸಂಜೆ ಸೈಕಲನ್ನು ತಳ್ಳಿಕೊಂಡೇ ಕಾಕನ ಅಂಗಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೊರಟಿದ್ದೆ, ದೇವರಾಣೆ. ಆದರೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಅವರಲ್ಲಿ ಒಬ್ಬರು ನನ್ನ ವಿದ್ಯಾರ್ಥಿಯ ತಂದೆ. ಅವರೆದುರಿಗೆ ಪೆದ್ದನಾಗುವುದು ಬೇಡ, ಅವರು ಹೋದ ಮೇಲೆ ಹೇಳುವ ಎಂದುಕೊಂಡೆ. ಅಷ್ಟರಲ್ಲಿ ಕಾಕ ಪಾನಾ ಇಟ್ಟು ಮೆಲ್ಲಗೆ ತಿರುಗಿಸಿದರು. ಕಪ್ಪು ತಿರುಗಿತು. ಮತ್ತೆ ತಿರುಗಿತು. ತಿರುಗುತ್ತಲೇ ಹೋಯಿತು. ಅವರ ಕೈ ನಿಂತಿತು.

"ಪಿರಿ ಸತ್ತಿದೆ" ಎಂದರು. ಕಪ್ಪನ್ನು ಹೊರಗೆ ತೆಗೆದು, ಕೊಳವೆಯೊಳಗೆ ಬೆರಳು ಹಾಕಿ ಸವರಿದರು. ಅಲ್ಯೂಮಿನಿಯಮ್ಮಿನ ಗುಣ ಅವರಿಗೂ ಹೊಸದು. ಎಷ್ಟು ಬಲಕ್ಕೆ ಎಷ್ಟು ತಾಳುತ್ತದೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನನ್ನ ಮುಖ ನೋಡಿ ಕೇಳಿದರು: "ಗುರುವಾರ ನಾನೇ ಜಾಸ್ತಿ ಬಿಗಿದೆನಾ ಮಾಸ್ಟ್ರೇ?"

"ಇರಬಹುದು ಕಾಕ" ಎಂದೆ.

ಅದೇ ಆ ಮಾತು. ಹೌದು ಎನ್ನಲಿಲ್ಲ, ಅಲ್ಲವೆನ್ನಲಿಲ್ಲ. ಗಣಿತದ ಮಾಸ್ಟ್ರು, ಎಷ್ಟು ಅಳೆದು ಆಡಿದೆ ನೋಡಿ.

ಕಾಕ ನನ್ನ ಮೇಲೆ ರೇಗಬಹುದಿತ್ತು, ಗಲ್ಫಿನ ಮಾಲನ್ನು ಬೈಯಬಹುದಿತ್ತು. ಅವರು ಅದೇನೂ ಮಾಡದೆ ಕೈ ಒರೆಸಿಕೊಂಡು, "ನನ್ನದು ಕಬ್ಬಿಣದ ಕೈ" ಎಂದರು. ಮರುದಿನ ಫ್ರೇಮನ್ನು ಬಿ.ಸಿ.ರೋಡಿನ ಲೇತಿನವರಲ್ಲಿಗೆ ತಾವೇ ಹೊತ್ತುಕೊಂಡು ಹೋದರು. ಅವರು ಆಗದೆಂದರು. ಕಾಕ ತಮ್ಮನಿಗೆ ಕಾಗದ ಬರೆಸಿದರು. ವರ್ಷದೊಳಗೆ ಇನ್ನೊಂದು ಅಲ್ಯೂಮಿನಿಯಮ್ ಫ್ರೇಮು ಬಂತು, ಮೊದಲಿನದ್ದಕ್ಕಿಂತ ಚಂದದ್ದು, ನೀಲಿ. ನಾನು ಹಣದ ಮಾತೆತ್ತಿದರೆ ಎರಡೂ ಕೈ ಅಡ್ಡ ಹಿಡಿದರು. "ನಾನು ಹಾಳು ಮಾಡಿದ್ದಕ್ಕೆ ನಿಮ್ಮಿಂದ ಯಾಕೆ?"

ನಾನು ಆ ಫ್ರೇಮನ್ನು ತೆಗೆದುಕೊಂಡೆ. ಬೇಡವೆಂದರೆ ಸಂಶಯ ಬರುತ್ತದೆ ಎಂದು ಆಗ ಹೇಳಿಕೊಂಡಿದ್ದೆ. ನಿಜವೆಂದರೆ ಅದರ ಮೇಲೆ ನನಗೆ ಆಸೆಯಾಗಿತ್ತು. ಪೆಡಲಿನ ಎಕ್ಸೆಲ್ ಮಾತ್ರ ಕಾಕ ಕೂರಿಸಲಿಲ್ಲ. "ಅದನ್ನು ಮಂಗಳೂರಲ್ಲಿ ಹಾಕಿಸಿ" ಎಂದು ತೆಗೆದಿಟ್ಟರು.

ಅಷ್ಟಕ್ಕೇ ನಿಂತಿದ್ದರೆ ನನಗೆ ಇಷ್ಟು ಕಷ್ಟವಿರಲಿಲ್ಲ. ಆದರೆ ಕಾಕ ಮುಚ್ಚಿಡುವವರಲ್ಲ. ಕೇಳಿದವರಿಗೂ ಕೇಳದವರಿಗೂ "ಮಾಸ್ಟ್ರ ಸೈಕಲನ್ನು ಹಾಳು ಮಾಡಿದ್ದು ನಾನೇ" ಎಂದು ಹೇಳಿಕೊಂಡರು. ಎರಡು ಸಾವಿರದ ಇಸವಿಯ ನಂತರ ಗೇರಿನ ಸೈಕಲುಗಳು, ಅಲ್ಯೂಮಿನಿಯಮ್ಮಿನವು, ಒಂದೊಂದಾಗಿ ನಮ್ಮ ಕಡೆಗೂ ಬಂದವು. ಉಜಿರೆಯ ಹಾಸ್ಟೆಲಿನ ಹುಡುಗರು, ರಜೆಗೆ ಬಂದ ಗಲ್ಫಿನವರ ಮಕ್ಕಳು ಅವರಲ್ಲಿಗೇ ತಂದರು. "ಇದು ನನ್ನ ಕೈಗೆ ಆಗುವುದಲ್ಲ" ಎಂದು ಕಾಕ ವಾಪಸು ಕಳಿಸಿದರು. ಕ್ರಮೇಣ ಜನರೂ ಹಾಗೆಯೇ ಹೇಳತೊಡಗಿದರು. ಕಾಕನ ಮಗ ಅದೇ ಜಾಗದಲ್ಲಿ ದೊಡ್ಡ ಅಂಗಡಿ ಮಾಡಿ, ಗಾಜಿನ ಬಾಗಿಲು ಹಾಕಿ, ಹೊಸ ಸೈಕಲುಗಳನ್ನು ಸಾಲಾಗಿ ನಿಲ್ಲಿಸಿದ. ಕಾಕನಿಗೆ ಹೊರಗೆ ಒಂದು ಸ್ಟೂಲು, ಪಂಕ್ಚರಿನ ಕೆಲಸ.

ನಾನು? ನನಗೆ ಬೆಳ್ತಂಗಡಿ ಕಡೆಗೆ ವರ್ಗವಾಯಿತು, ಲಾಯಿಲದಲ್ಲಿ ಮನೆ ಮಾಡಿದೆ. ನೀಲಿ ಫ್ರೇಮಿಗೆ ಒಳ್ಳೆಯ ಗೇರು ಹಾಕಿಸಿದೆ, ಹಗುರದ ಚಕ್ರ ಹಾಕಿಸಿದೆ, ಎಲ್ಲ ಮೂಡುಬಿದಿರೆಯ ಒಂದು ಅಂಗಡಿಯಲ್ಲಿ. ಪಾಣೆಮಂಗಳೂರು ದಾಟಬೇಕಾದಾಗ ಹೆದ್ದಾರಿಯ ಹೊಸ ಸೇತುವೆಯಿಂದ ಹೋಗುತ್ತಿದ್ದೆ. ಲಾರಿಗಳ ನಡುವೆ ಸಿಕ್ಕಿ ಜೀವ ಕೈಯಲ್ಲಿ ಹಿಡಿದು ಹೋದೆನೇ ಹೊರತು, ಹಳೆಯ ಸೇತುವೆಯ ಕಡೆ ಹೋಗಲಿಲ್ಲ.

ಸುಮಾರು ಹತ್ತು ವರ್ಷ ಹೀಗೆ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಪಾಣೆಮಂಗಳೂರು ಪೇಟೆಯ ಹತ್ತಿರವೇ ಚೈನು ತುಂಡಾಯಿತು. ತಳ್ಳಿಕೊಂಡು ಹೋಗಲು ಬೇರೆ ಅಂಗಡಿ ಇರಲಿಲ್ಲ. ಕಾಕ ನನ್ನನ್ನು ದೂರದಿಂದಲೇ ಗುರುತಿಸಿ ಎದ್ದು ನಿಂತರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನನ್ನ ನೀಲಿ ಫ್ರೇಮನ್ನು ಸವರಿ ನೋಡಿದರು. ಒಳಗೆ ಗಿರಾಕಿಯೊಬ್ಬ ಹೊಚ್ಚ ಹೊಸ ರೇಸ್ ಸೈಕಲ್ ತಂದು, ಪೆಡಲಿನ ಬುಡದಲ್ಲಿ ಸದ್ದು ಬರುತ್ತದೆಂದು ಹೇಳುತ್ತಿದ್ದ. ಮಗನಿಗೆ ಎಲ್ಲಿಂದ ಎಂದು ತಿಳಿಯುತ್ತಿರಲಿಲ್ಲ. ಕಾಕ ಬಾಗಿಲಲ್ಲಿ ನಿಂತು ಕಿವಿಗೊಟ್ಟರು; ಅವರಿಗೆ ತಿಳಿದಿತ್ತೆಂದು ಮುಖದಲ್ಲೇ ಕಾಣುತ್ತಿತ್ತು. ಒಂದು ಹೆಜ್ಜೆ ಒಳಗಿಟ್ಟು ಕೈ ಚಾಚಿದರು.

"ಬಾಪ, ನೀವು ಮುಟ್ಟಬೇಡಿ" ಎಂದ ಮಗ. ನನ್ನನ್ನು ನೋಡಿ ನಗುತ್ತಾ ಸೇರಿಸಿದ: "ಮಾಸ್ಟ್ರ ಸೈಕಲ್ ನೆನಪುಂಟಲ್ಲ?"

ಕಾಕನೂ ನಕ್ಕರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಲುಂಗಿಗೆ ಒರೆಸಿಕೊಂಡರು, ಕೈಯಲ್ಲಿ ಏನೂ ಇಲ್ಲದಿದ್ದರೂ.

"ಅದು ಕಾಕ ಮಾಡಿದ್ದಲ್ಲ" ಎಂದೆ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. "ನಾನು ಮಾಡಿದ್ದು. ಶುಕ್ರವಾರ ಮನೆಯಲ್ಲಿ ನಾನೇ ಬಿಚ್ಚಿದ್ದೆ. ಸೈಕಲ್ ತಲೆಕೆಳಗಿತ್ತು, ಕಪ್ಪು ಅದಲುಬದಲಾಯಿತು. ಪೈಪು ಹಾಕಿ ತಿರುಗಿಸಿದ್ದು ನಾನು. ಗ್ರೀಸು ಮೆತ್ತಿ ತಂದು ಕೊಟ್ಟೆ. ಕಾಕ ಬಿಗಿದದ್ದು ಸರಿಯಾಗಿಯೇ ಇತ್ತು."

ಬೈಯಲಿ ಎಂದು ಕಾದೆ. ಕಾಕ ನನ್ನ ಕಾಲರ್ ಹಿಡಿದಿದ್ದರೂ ನೆಮ್ಮದಿಯಾಗುತ್ತಿತ್ತು.

ಮಗ ಪಾನಾ ಕೆಳಗಿಟ್ಟು ನನ್ನ ಹತ್ತಿರ ಬಂದ. ಅವನ ಮುಖ ಮೆತ್ತಗಾಗಿತ್ತು. "ಬಾಪನಿಗೆ ಬೇಸರ ಆಗಬಾರದು ಅಂತ ಹೇಳ್ತೀರಿ, ಗೊತ್ತಾಗ್ತದೆ ಮಾಸ್ಟ್ರೇ" ಎಂದು ತಗ್ಗಿದ ದನಿಯಲ್ಲಿ ಹೇಳಿದ. "ನಾನು ಹಾಗೆ ತಮಾಷೆ ಮಾಡಬಾರದಿತ್ತು. ಆದರೆ ನೀವು ಕಲಿತವರು, ಎಡ ಬಲ ತಿಳಿಯದೆ ಅಂಥದ್ದು ಮಾಡ್ತೀರಾ?"

"ನಿಜವಾಗಿ ನಾನೇ ಮಾರಾಯಾ" ಎಂದು ನಾನು ಮತ್ತೆ ಮೊದಲಿನಿಂದ ಹೇಳಿದೆ. ಹೇಳಿದಷ್ಟೂ ಅದು ಕಟ್ಟಿದ ಕಥೆಯ ಹಾಗೆ ನನ್ನ ಕಿವಿಗೇ ಕೇಳಿಸತೊಡಗಿತು. ಕಾಕನ ಕಡೆ ತಿರುಗಿದೆ. ಅವರಾದರೂ ನಂಬಬೇಕಿತ್ತು. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಇರಲಿ ಮಾಸ್ಟ್ರೇ. ಆದದ್ದು ಆಯಿತು. ನನ್ನ ತಪ್ಪನ್ನು ನೀವು ತೆಗೆದುಕೊಳ್ಳಬೇಡಿ" ಎಂದರು. ತಮ್ಮ ಸ್ಟೂಲನ್ನು ಒರೆಸಿ ನನ್ನನ್ನು ಕೂರಿಸಿದರು. ಎದುರಿನ ಹೋಟೆಲಿಗೆ ಒಂದು ಚಹಾ ಹೇಳಿ, ಹೊಸ ಸೈಕಲಿನ ಗಿರಾಕಿಯ ಕಡೆ ತಿರುಗಿದರು.

"ನೋಡಿ" ಎಂದರು, "ಇಂಥವರು ಈಗ ಸಿಗುವುದಿಲ್ಲ."

ಗಿರಾಕಿ ನನಗೆ ತಲೆಬಾಗಿ ನಮಸ್ಕಾರ ಮಾಡಿದ. ಚಹಾ ಬಂತು. ನಾನು ಅದನ್ನು ಕುಡಿದೆ.