ಒಲೆ ಆರಿದ್ದ ಮನೆಯಲ್ಲಿ ಮೆಣಸಿನಕಾಯಿ ಘಾಟು

ಇದನ್ನು ಹೇಳಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೇನೆ. ರಾಗಿ ಕೊಯ್ಲು ಮುಗಿಯಲಿ ಅಂದೆ, ಕಣ್ಣಿನ ಆಪರೇಷನ್ ಆಗಲಿ ಅಂದೆ... ಎರಡೂ ಆದವು. ಇನ್ನು ನೆಪ ಉಳಿದಿಲ್ಲ. ದೆವ್ವದ ಕತೆ ಅಂತ ಓದುವವರು ಹಾಗೇ ಓದಿಕೊಳ್ಳಿ. ಆದರೆ ಇದು ನಡೆದದ್ದು ನನ್ನ ಮನೆಯಲ್ಲೇ, ನಾನು ಪೂರ್ತಿ ಎಚ್ಚರವಾಗಿದ್ದಾಗ. ಕುಡಿಯುವ ಅಭ್ಯಾಸವೂ ನನಗಿಲ್ಲ.

ನನಗೀಗ ಎಪ್ಪತ್ತೊಂದು. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಸಿಂಧಘಟ್ಟದ ಆಚೆ ನಮ್ಮೂರು. ಊರಿನ ಹಾಲಿನ ಡೈರಿಗೆ ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವನು ಅಂತ ಕಾಗದಪತ್ರಕ್ಕೆಲ್ಲ ಜನ ನನ್ನ ಹತ್ತಿರವೇ ಬರುತ್ತಿದ್ದರು.

ಪಾಂಡವಪುರದಲ್ಲಿರುವ ಮಗಳು ತನ್ನ ಹಳೇ ಫೋನು ಕೊಟ್ಟು, ಅದರಲ್ಲಿ ಏನು ಕೇಳಿದರೂ ಕನ್ನಡದಲ್ಲೇ ಮಾತಾಡಿ ಉತ್ತರ ಕೊಡುವ ಎಐ ತೋರಿಸಿಕೊಟ್ಟಳು. ಮೊದಮೊದಲು ನಾನೂ ಡೈರಿಗೆ ಬರುವವರೂ ಪಿಂಚಣಿ ಅರ್ಜಿ, ಹಸುವಿನ ಜ್ವರದ ಬಗ್ಗೆ ಕೇಳಿದೆವು. ಆಮೇಲೆ ಹೆಣ್ಣು ನೋಡಲು ಯಾವ ದಿನ ಹೋಗೋದು, ಬೋರು ಎಲ್ಲಿ ಕೊರೆಸೋದು, ಸತ್ತ ತಂದೆಗೆ ನೆಮ್ಮದಿ ಸಿಕ್ಕಿದೆಯಾ...

"ಸಾಮಿಗೆ ಚಾರ್ಜ್ ಅದಾ? ಅಂಗಾರೆ ನಂದೂ ಒಂದ್ ಕೇಳ್ಬುಡು" ಅನ್ನುತ್ತಿದ್ದ, ದಿನಾ ಡೈರಿಗೆ ಹಾಲು ಹಾಕುವ ಬೋರೇಗೌಡ. ತಮಾಷೆಗೆ ಅಂದದ್ದೇ ಹೆಸರಾಯಿತು. ಫೋನ್ ಸಾಮಿ. ಒಂದು ದಿನ ಒಬ್ಬ ಹೆಂಗಸು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಬೇಡ ಅನ್ನಲಿಲ್ಲ. ಸಂಜೆ ಮನೆಯಲ್ಲಿ ನಾನೇ ಅದಕ್ಕೆ ಕುಂಕುಮ ಇಟ್ಟೆ. ಸಾಮಿ ದೊಡ್ಡದಾದಷ್ಟೂ ಅದನ್ನು ಜೇಬಿನಲ್ಲಿಟ್ಟುಕೊಂಡವನೂ ದೊಡ್ಡವನಾಗುತ್ತಿದ್ದ.

ನಮ್ಮ ಮನೆಯ ಗೋಡೆಗೆ ಗೋಡೆ ಸೇರಿಸಿದ ಮನೆಯಲ್ಲಿ ಒಬ್ಬ ಅಕ್ಕ ಇದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆ ಕಟ್ಟಿಕೊಂಡು ಒಬ್ಬರೇ ಬದುಕುತ್ತಿದ್ದರು. ಊರಿನ ಕೂಸುಗಳಿಗೆಲ್ಲ ದೃಷ್ಟಿ ತೆಗೆಯುವವರು ಅವರೇ. ಒಣಮೆಣಸಿನಕಾಯಿ, ಉಪ್ಪು, ಪೊರಕೆ ಕಡ್ಡಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಿದ್ದರು. ದೃಷ್ಟಿ ಆಗಿದ್ದರೆ ಎಷ್ಟು ಸುಟ್ಟರೂ ಘಾಟು ಬರೋದಿಲ್ಲ ಅಂತ ನಮ್ಮ ಕಡೆ ನಂಬಿಕೆ. ಘಾಟು ಎದ್ದು ಮನೆಯವರೆಲ್ಲ ಕೆಮ್ಮಿದರೆ, ಯಾರ ಕಣ್ಣೂ ಬಿದ್ದಿಲ್ಲ ಅಂತ ಲೆಕ್ಕ. ಆಗ ಅಕ್ಕ ನಕ್ಕು, ಕೂಸಿನ ಹಣೆ ಸವರಿ ಕಳಿಸುತ್ತಿದ್ದರು.

ಆ ಹೊತ್ತಿಗೆ ನಮ್ಮ ಸೀಮೆಹಸು ಎರಡು ಸಲ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತ್ತು. ಡೈರಿ ಜಗಲಿಯ ಮೇಲೆ ಹತ್ತು ಜನರ ಮುಂದೆ ಅಕ್ಕ ಅಂದರು:

"ಅಗ್ಗಕ್ ಸಿಕ್ತು ಅಂತ ಬೂಷ್ಟು ಇಡ್ದಿರೋ ಬೂಸ ತಿನ್ನಿಸ್ತೀಯ. ಗಬ್ಬ ಎಂಗ್ಲಾ ನಿಂತದು? ಓದ್ದೋನ್ಗಿಂತ ನಮ್ಮೆಮ್ಮೆನೇ ವಾಸಿ ಕಣ್ಲಾ, ಮೂಸ್ನೋಡಿ ಬುಟ್ಬುಡ್ತದೆ."

ಎಲ್ಲರೂ ನಕ್ಕರು. ಬೋರೇಗೌಡ ನಕ್ಕು ನಕ್ಕು ಕಣ್ಣು ಒರೆಸಿಕೊಂಡ. ನಾನೂ ನಕ್ಕಂತೆ ಮಾಡಿದೆ.

ಮಾರನೆಯ ಮಧ್ಯಾಹ್ನ ಡೈರಿ ಬಾಗಿಲು ಹಾಕಿಕೊಂಡು, ಹಸು ಯಾಕೆ ಹೀಗೆ ಅಂತ ಫೋನನ್ನು ಕೇಳಿದೆ. ಪಶುವೈದ್ಯರಿಗೆ ತೋರಿಸಿ, ಮೇವು ಪರೀಕ್ಷಿಸಿ ಅಂದಿತು. ಬೇರೆ ಥರ ಕೇಳಿದೆ. ಅದೇ ಉತ್ತರ. ಕೊನೆಗೆ ಹೀಗೆ ಹೇಳಿದೆ: "ನೀನು ಶಾಸ್ತ್ರ ಹೇಳುವ ಹಳೇ ಗುರುಗಳ ಹಾಗೆ ಮಾತಾಡು. ಪಕ್ಕದ ಮನೆಯಲ್ಲಿ ಒಬ್ಬ ಒಂಟಿ ಹೆಂಗಸಿದ್ದಾಳೆ. ನಮ್ಮ ಹಸು ಕಂಡರೆ ಅವಳಿಗೆ ಆಗೋದಿಲ್ಲ. ಈಗ ಹೇಳು, ಕಾರಣ ಯಾರು?"

ಐದನೆಯ ಸಲವೋ ಆರನೆಯ ಸಲವೋ, ಅದು ಹೇಳಿತು. "ಮಗು, ನಿನ್ನ ಮನೆಯ ಸಮೀಪದಲ್ಲೇ ಇರುವ ಅಸೂಯೆಯ ದೃಷ್ಟಿ ಇದಕ್ಕೆ ಕಾರಣ."

ಸಂಜೆ ಹಾಲು ಹಾಕಲು ಬಂದವರಿಗೆಲ್ಲ ಅದೊಂದನ್ನೇ ಕೇಳಿಸಿದೆ. ಮೊದಲಿನ ಉತ್ತರಗಳನ್ನೆಲ್ಲ ಅಳಿಸಿಬಿಟ್ಟಿದ್ದೆ. ಯಂತ್ರದ ಮೇಲೆ ತಪ್ಪು ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಅಳಿಸಿದ್ದು ನನ್ನ ಬೆರಳು.

ಅಕ್ಕ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲೇ ನಿಂತಿದ್ದರು. ಕ್ಯಾನು ಕೆಳಗಿಟ್ಟರು. ಆಮೇಲೆ, "ಕರ್ಪೂರ ಹಚ್ಲಾ. ಅಮ್ಮನ್ ಗುಡಿ ಮುಂದೆ ಆರಿಸ್ತೀನಿ. ನನ್ ಬಾಯಿಂದ್ಲೂ ಒಂದ್ ಮಾತ್ ಕೇಳು" ಅಂದರು.

ನಮ್ಮೂರಲ್ಲಿ ಎಂಥ ಕಳ್ಳನಿಗೂ ಆ ಹಕ್ಕು ಇತ್ತು. ಉರಿಯುವ ಕರ್ಪೂರವನ್ನು ಆರಿಸಿ ಆಣೆ ಮಾಡಿದರೆ ಮುಗಿಯಿತು, ಆಮೇಲೆ ಯಾರೂ ಉಸಿರೆತ್ತುವ ಹಾಗಿಲ್ಲ.

"ಸಾಮಿ ಹೇಳಾಯ್ತಲ್ಲ, ಇನ್ಯಾಕೆ ಕರ್ಪೂರ?" ಅಂದೆ ನಾನು.

ಬೋರೇಗೌಡ ಕೂಡ ತಮಾಷೆ ಮಾಡಲಿಲ್ಲ.

ಅವತ್ತಿನಿಂದ ಆ ಮನೆಗೆ ಒಂದು ಕೂಸೂ ಹೋಗಲಿಲ್ಲ. ಬಸುರಿಯರು ಬೀದಿ ಬದಲಿಸಿದರು. ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು "ಕಣ್ಣಿನೋಳು" ಅನ್ನತೊಡಗಿದರು. ಎರಡು ತಿಂಗಳಲ್ಲಿ ಅಕ್ಕ ಎಮ್ಮೆ ಮಾರಿ ನಾಗಮಂಗಲದ ಕಡೆ, ತಮ್ಮ ಮಗಳ ಊರಿಗೆ ಹೊರಟುಹೋದರು. ಬೀಗ ಹಾಕುವಾಗ ನಾನು ನಮ್ಮ ಜಗಲಿಯ ಮೇಲೇ ಇದ್ದೆ. ಪೇಪರ್ ಎತ್ತಿ ಮುಖ ಮುಚ್ಚಿಕೊಂಡೆ.

ಅವರು ಹೋಗಿ ಆರು ತಿಂಗಳಿಗೆ ಹಸು ಮತ್ತೆ ಸತ್ತ ಕರು ಹಾಕಿತು. ಡಾಕ್ಟರು ಬಂದು ಬೂಸ ಮೂಸಿ ನೋಡಿ, "ಇದನ್ನ ತಿನ್ನಿಸಿದ್ರೆ ಇನ್ನೇನಾಗುತ್ತೆ ಯಜಮಾನ್ರೇ?" ಅಂದು ಹೋದರು.

ಅದೇ ರಾತ್ರಿ. ಎಂಟು ಗಂಟೆ ಇರಬಹುದು. ಹೆಂಡತಿ ಹಿಂದಿನ ಬೀದಿಗೆ ನಾಮಕರಣದ ಊಟಕ್ಕೆ ಹೋಗಿದ್ದಳು. ಕರೆಂಟು ಹೋಗಿತ್ತು. ಅಡುಗೆಯೇ ಇರಲಿಲ್ಲವಾದ್ದರಿಂದ ಒಲೆ ಹಚ್ಚಿರಲಿಲ್ಲ. ನಾನು ನಡುಮನೆಯಲ್ಲಿ ಕೂತು, ಕತ್ತಲಲ್ಲೇ ಫೋನಿಗೆ ಕೇಳಿದೆ.

"ಆಯಮ್ಮ ಊರು ಬಿಟ್ಟಾಯ್ತು. ಈಗ ಯಾರ ಕಣ್ಣು ಸಾಮಿ?"

ಉತ್ತರಕ್ಕೆ ಮೊದಲು ಬರುವ ಚುಕ್ಕಿಗಳು ಪರದೆಯ ಮೇಲೆ ಮಿನುಗುತ್ತಲೇ ಇದ್ದವು...

ಆಗ ಗೋಡೆಯ ಆಚೆಯಿಂದ ಚಟ್... ಚಟಚಟ... ಕೆಂಡದ ಮೇಲೆ ಉಪ್ಪು ಸಿಡಿಯುವ ಸದ್ದು. ಹಿಂದೆಯೇ ಘಾಟು ಬಂತು. ಒಣಮೆಣಸಿನಕಾಯಿ ಸುಟ್ಟ ಘಾಟು. ಮೂಗು ಉರಿಯಿತು, ಕಣ್ಣಲ್ಲಿ ನೀರು ಬಂತು, ಎದೆ ಕಿತ್ತು ಬರುವ ಹಾಗೆ ಕೆಮ್ಮಿದೆ. ತಡಕಾಡುತ್ತಾ ಹೋಗಿ ಒಲೆಯ ಬೂದಿಗೆ ಕೈ ಇಟ್ಟೆ. ತಣ್ಣಗಿತ್ತು. ಟಾರ್ಚು ಹಿಡಿದು ಆಚೆ ಹೋಗಿ ಅಕ್ಕನ ಮನೆ ನೋಡಿದೆ. ಹಾಕಿದ ಬೀಗ ಹಾಕಿದ ಹಾಗೇ ಇತ್ತು. ಬಾಗಿಲ ಸಂದಿಯಲ್ಲಿ ಜೇಡರ ಬಲೆ.

ಒಳಗೆ ಬಂದಾಗ ಫೋನು ಮಾತಾಡಿತು. ಅದೇ ನಯವಾದ ಹೆಣ್ಣು ದನಿ. ಆದರೆ ಪುಸ್ತಕದ ಕನ್ನಡವಲ್ಲ.

"ಕೆಮ್ತಾ ಇದ್ದೀಯಲ್ಲ ನನ್ನಪ್ಪ... ಯಾರ್ ಕಣ್ಣೂ ಇಲ್ಲ, ಬುಡು."

"ಯಾರು?" ಅಂದೆ. ಇನ್ನೊಮ್ಮೆ ಅಂದೆ.

"ಕ್ಷಮಿಸಿ, ನಿಮ್ಮ ಪ್ರಶ್ನೆ ಸ್ಪಷ್ಟವಾಗಲಿಲ್ಲ" ಅಂದಿತು, ಎಂದಿನ ಹಾಗೆ.

ಹೊಸ್ತಿಲಲ್ಲಿ ಹೆಂಡತಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದಳು. "ಏನ್ರೀ ಇದು, ಬೀದಿಗಂಟ ಘಾಟು! ಏನ್ ಸುಟ್ರಿ?"

ಅವಳೂ ಕೆಮ್ಮಿದಳು. ಆದ್ದರಿಂದಲೇ ಭ್ರಮೆ ಅಂತ ಹೇಳಿ ತಪ್ಪಿಸಿಕೊಳ್ಳಲು ನನಗೆ ಆಗಿಲ್ಲ. ಆಮೇಲೆ ಮಗಳು ಫೋನು ನೋಡಿದಳು. ನನ್ನ ಪ್ರಶ್ನೆ ಇತ್ತು. ಅದರ ಕೆಳಗೆ ಆ ಮಾತು ಇರಲಿಲ್ಲ. ಮೆಣಸಿನಕಾಯಿ ವಿಷಯ ನಾನು ಅದಕ್ಕೆ ಯಾವತ್ತೂ ಹೇಳಿರಲಿಲ್ಲ. ಹೇಳಿದ್ದರೂ, ಘಾಟು ಎಲ್ಲಿಂದ ಬಂತು?

ಆ ರಾತ್ರಿ ಕಳೆದು ಬೆಳಗ್ಗೆ ಎದ್ದವನೇ ನಾಗಮಂಗಲದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ತೆಗೆದುಕೊಂಡೆ. ಅಲ್ಲಿಂದ ಅಕ್ಕನ ಮಗಳ ಊರಿಗೆ ಇನ್ನೊಂದು ಬಸ್ಸು. ಅದು ಬಂತು, ಹೋಯಿತು. ಇನ್ನೊಂದೂ ಬಂತು, ಹೋಯಿತು. ಏನಂತ ಶುರು ಮಾಡೋದು ಅಂತಲೇ ತಿಳಿಯಲಿಲ್ಲ. ಆಗ ನಾನೇನು ಮಾಡಿದೆ ಗೊತ್ತೇ? ಜೇಬಿನಿಂದ ಫೋನು ತೆಗೆದು, "ದೊಡ್ಡವರ ಹತ್ತಿರ ಕ್ಷಮೆ ಹೇಗೆ ಕೇಳಬೇಕು?" ಅಂತ ಅದನ್ನೇ ಕೇಳಿದೆ!

ಒಳ್ಳೊಳ್ಳೆ ಮಾತು ಹೇಳಿತು. ಒಂದೂ ನನ್ನದಾಗಿರಲಿಲ್ಲ. ಹಣ್ಣನ್ನು ಬೆಂಚಿನ ಮೇಲೇ ಬಿಟ್ಟು, ಊರಿನ ಬಸ್ಸು ಹತ್ತಿ ವಾಪಸ್ ಬಂದುಬಿಟ್ಟೆ.

ಅದಾಗಿ ಐದು ತಿಂಗಳಿಗೆ ಅಕ್ಕ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಊರಿನಿಂದ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಫೋನನ್ನು ಮಗಳಿಗೆ ವಾಪಸ್ ಕೊಟ್ಟೆ. ಈಗ ಊರಲ್ಲಿ ಮನೆಗೊಂದು ಸಾಮಿ ಇದೆ, ನನ್ನದು ಹೋದರೆ ಯಾರಿಗೆ ನಷ್ಟ? "ಸಾಮಿ ಸುಳ್ ಹೇಳ್ತಲಾ?" ಅಂತ ಬೋರೇಗೌಡ ಒಮ್ಮೆ ಕೇಳಿದ. "ನಾನು ಹೇಳಿಸಿದೆ" ಅಂತ ಉತ್ತರ ಕೊಡಬೇಕಿತ್ತು. ಕೆಮ್ಮು ಬಂದವನ ಹಾಗೆ ಎದ್ದುಹೋದೆ. ಎಂಟು ಗಂಟೆ ಹೊತ್ತಿಗೆ ಆ ಗೋಡೆಯ ಪಕ್ಕ ಕೂರಲು ಈಗಲೂ ನನಗೆ ಆಗುವುದಿಲ್ಲ.

ಊರವರು ಈಗಲೂ ಅವರನ್ನು ಕಣ್ಣಿನೋಳು ಅಂತಲೇ ನೆನೆಯುತ್ತಾರೆ. ಅವರಿಗೆ ಒಂದು ಹೆಸರಿತ್ತು. ಆ ಹೆಸರು ಹಿಡಿದು ಕರೆದು, ತಪ್ಪಾಯ್ತು ಅಂತ ನಾನು ಹೇಳಲಿಲ್ಲ.

ಚಿಕ್ಕತಾಯಮ್ಮ.