ಕಿವಿ ಮುಚ್ಚಿದ ಧ್ಯಾನ

ಚನ್ನಬಸಪ್ಪ ಮಾಸ್ತರರ ಜಗಳವೆಲ್ಲ ಸತ್ತು ಸಾವಿರ ವರ್ಷ ದಾಟಿದವರ ಜೊತೆಗೇ. ಎಂಬತ್ತರ ದಶಕದಲ್ಲಿ ಮಸ್ಕಿಯಿಂದ ಲಿಂಗಸುಗೂರಿನ ಶಾಲೆಗೆ ನಾವಿಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಾನು ಗಣಿತದ ಟೀಚರು, ಅವರು ಚರಿತ್ರೆಯ ಮಾಸ್ತರರು. ಕಂಬಿ ಹಿಡಿದು ನಿಂತಲ್ಲೇ ಶುರು: “ಟೀಚರ್ರ, ಧ್ಯಾನದಾಗ ಮೈತುಂಬ ಸುಖ ಹರಡಬೇಕು ಅಂತ ಬುದ್ಧ ಹೇಳ್ಯಾನ. ಹಿಂದಾಗಡೆ ಬಂದ ಪಂಡಿತರು ಏನ್ ಬರದ್ರು? ಮೈ ಅಂದ್ರ ಇಲ್ಲಿ ಮನಸ್ಸು, ಧ್ಯಾನ ಗಟ್ಟಿಯಾದ್ರ ಕಿವಿನೂ ಕೇಳಂಗಿಲ್ಲ ಅಂತ! ಪಾಪದ ಮೈಯನ್ನ ಹೊರಗ ಹಾಕಿಬಿಟ್ರು.” ಕಂಡಕ್ಟರು ಹೌದೆಂದು ತಲೆಯಾಡಿಸಿ ಟಿಕೇಟು ಹರಿಯುತ್ತಿದ್ದ.

ಕಾಶಿ ಕಡೆಯ ಒಂದು ಬೌದ್ಧ ವಿಹಾರದಲ್ಲಿ ವರ್ಷವಿಡೀ ಕೂತು ಓದಿ, ಈ ಜಗಳವನ್ನು ಪುಸ್ತಕ ಮಾಡಬೇಕೆಂಬುದೊಂದೇ ಅವರ ಆಸೆ. ಮದುವೆಯಾಗಿರಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಗೌರಮ್ಮ. “ಚನ್ನ್ಯಾ, ನೀರು ಕೊಡೋ! ಚನ್ನ್ಯಾ, ಎಲ್ಲದೀ?” ಎಂಬ ಕೂಗು ಗೋಡೆಯಾಚೆ ನನ್ನ ಮನೆಗೂ ಕೇಳುತ್ತಿತ್ತು. “ಬೋನಿಗೆ ಬಿದ್ದೀನ್ರಿ ಟೀಚರ್ರ,” ಎಂದು ಮಾಸ್ತರರು ನಗುತ್ತಲೇ ಹೇಳುವರು. ಮಗ ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತಾಗ ಮಾತ್ರ ಗೌರಮ್ಮನ ಬಾಯಿ ಬಂದ್. ಅಂಗೈಯಲ್ಲಿ ಲಿಂಗ ಹಿಡಿದವರನ್ನು ಏನೇ ಆದರೂ ಕರೆಯಬಾರದೆಂಬುದು ಆ ಮನೆಯ ಕಟ್ಟುನಿಟ್ಟು.

ಒಂದು ಭಾನುವಾರ ಪಂಡಿತರನ್ನು ಪರೀಕ್ಷಿಸಿಯೇಬಿಡೋಣವೆಂದು ಮಾಸ್ತರರು, ಅವರ ಗ್ರಂಥದಲ್ಲಿದ್ದಂತೆಯೇ ಧ್ಯಾನಕ್ಕೆಂದು ಕೆಮ್ಮಣ್ಣಿನ ಬಿಲ್ಲೆ ತಟ್ಟಿ, ದೇವರ ಕೋಣೆಯ ಬಾಗಿಲು ಹಾಕಿ, ಅದನ್ನೇ ದಿಟ್ಟಿಸುತ್ತ ಕೂತರು. ಮಧ್ಯಾಹ್ನ ಆ ಕೋಣೆಯದೇ ಹಿತ್ತಲ ಬಾಗಿಲಿನಿಂದ ಹೊರಬಂದವರೇ ಗೋಡೆಯ ಮೇಲಿಂದ ನನ್ನನ್ನು ಕರೆದರು.

“ನಾ ಸೋತೆ ಟೀಚರ್ರ! ಪಂಡಿತರು ಖರೇನ ಹೇಳ್ಯಾರ. ಒಂದು ಸಪ್ಪಳ ಕೇಳಲಿಲ್ಲ. ಅವ್ವನ ದನಿ ಸೈತ!”

ಸೋತು ಅಷ್ಟು ಖುಷಿಪಟ್ಟವರನ್ನು ನಾನು ಕಂಡಿಲ್ಲ. ತಾಯಿಗೂ ಹೇಳಲು ಒಳಗೆ ಓಡಿದರು. ಮರುಗಳಿಗೆಯೇ ಅವರ ಚೀರು ಕೇಳಿ ನಾನೂ ಓಡಿದೆ.

ಗೌರಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದರು. ಸೊಂಟ ಮುರಿದಿತ್ತು. ನರಳಿಕೆ ಹೊರಬಾರದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು.

“ಮುಂಜಾನಿಂದ ಬಿದ್ದೀನಪ್ಪಾ. ನೀ ಪೂಜಾಕ್ಕ ಕುಂತಿದ್ದಿ, ಹೆಂಗ ಕರೀಲಿ?”

ಸಿಂಧನೂರಿನ ಆಸ್ಪತ್ರೆಯಿಂದ ಮರಳಿದ ಗೌರಮ್ಮ ಮತ್ತೆ ಮಂಚ ಬಿಟ್ಟೇಳಲಿಲ್ಲ. ಅವರನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು ಎಲ್ಲ ಮಾಸ್ತರರದೇ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಕೂರುತ್ತಿದ್ದರು. ಆ ಜಗಳವಿಲ್ಲದ ಬಸ್ಸು ನನಗೆ ಸಂಕಟವಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ, ಗೌರಮ್ಮ ತೀರಿಕೊಂಡ ವರ್ಷವೇ, ನನಗೆ ಮುದಗಲ್ಲಿಗೆ ವರ್ಗವಾಯಿತು. ಹೇಳಿ ಬರಲು ಹೋದೆ. “ಈಗರ ಕಾಶಿಗೆ ಹೋಗ್ರಿ ಮಾಸ್ತರ್ರ. ಇನ್ನ ಕರಿಯೋರು ಯಾರದಾರ?” ಎಂದೆ.

ಅವರು ತಾಯಿಯ ಖಾಲಿ ಮಂಚದ ಅಂಚಿಗೆ ಕೂತರು.

“ಅವ್ವ ಕರದಿದ್ರ ಹೋಗಬಹುದಿತ್ರಿ ಟೀಚರ್ರ. ಅವತ್ತು ಕರೀಲಿಲ್ಲಲ್ಲ, ಅದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?”